ಪಾಸ್‌ಪೋರ್ಟ್, ಮೂಲ ಪ್ರಮಾಣಪತ್ರ ಹಾಗೂ ಹಣ ಹಿಂದಿರುಗಿಸುವ ಕುರಿತು ಕೊನೆಯ ಪತ್ರ

ಧಾರವಾಡ

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ವಿದೇಶಿ ಶಿಕ್ಷಕರ ನೇಮಕಾತಿ ವಿಭಾಗ,
ಹುಬ್ಬಳ್ಳಿ ಶಾಖೆ.

ವಿಷಯ: ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಶಿಕ್ಷಕಿಯ ಹುದ್ದೆ ಕೊಡಿಸುವುದಾಗಿ ಪಡೆದ 1,85,000 ರೂಪಾಯಿ, ನನ್ನ ಪಾಸ್‌ಪೋರ್ಟ್ ಹಾಗೂ ಎಂ.ಎ., ಬಿ.ಇಡಿ. ಮೂಲ ಪ್ರಮಾಣಪತ್ರಗಳನ್ನು ಮರಳಿಸದಿರುವ ಬಗ್ಗೆ.

ಮಾನ್ಯರೇ,

ನಿಮ್ಮ ಕಚೇರಿಗೆ ಹನ್ನೊಂದು ಬಾರಿ ಫೋನು ಮಾಡಿ, ನಾಲ್ಕು ಬಾರಿ ಖುದ್ದಾಗಿ ಬಂದು, ಎರಡು ಇಮೇಲ್ ಬರೆದು, ಯಾವುದಕ್ಕೂ ನೇರವಾದ ಉತ್ತರ ಸಿಗದೆ ಈ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಇಷ್ಟು ದಿನ ಫೋನಿನಲ್ಲಿ ಕೇಳಿದ್ದು ವಿನಂತಿಯಾಗಿತ್ತು. ಇದು ವಿನಂತಿಯಲ್ಲ.

ನಾನು ಧಾರವಾಡದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿರುವವಳು. ನಿಮ್ಮ ಫಲಕದ ಮೇಲೆ 'ಸರ್ಕಾರಿ ಮಾನ್ಯತೆ ಪಡೆದ ಸಂಸ್ಥೆ' ಎಂದು ಬರೆದಿರುವುದನ್ನು ನಂಬಿ, ತಾಯಿಯ ಪಾಟ್ಲಿಗಳನ್ನು ಪತ್ತಿನ ಸೊಸೈಟಿಯಲ್ಲಿ ಅಡವಿಟ್ಟು ನಿಮಗೆ ಹಣ ಕಟ್ಟಿದೆ. ನೋಂದಣಿಗೆ 10,000, ಉದ್ಯೋಗ ಖಾತರಿಗೆ 1,50,000, ದಾಖಲೆ ದೃಢೀಕರಣಕ್ಕೆ 18,500, ಪೊಲೀಸ್ ಪ್ರಮಾಣಪತ್ರಕ್ಕೆ 6,500. ಇದರಲ್ಲಿ ರಸೀದಿ ಸಿಕ್ಕಿದ್ದು ಮೊದಲಿನ ಹತ್ತು ಸಾವಿರಕ್ಕೆ ಮಾತ್ರ, ಅದರ ಮೇಲೂ 'ಸಲಹಾ ಶುಲ್ಕ' ಎಂದು ಬರೆಯಲಾಗಿದೆ. ಉಳಿದ ಹಣ ಸಂಸ್ಥೆಯ ಖಾತೆಗೆ ಹೋಗಿಲ್ಲ, ನಿಮ್ಮ ಸಿಬ್ಬಂದಿಯೊಬ್ಬರ ಸ್ವಂತ ಖಾತೆಗೆ ಹೋಗಿದೆ. ಪೊಲೀಸ್ ಪ್ರಮಾಣಪತ್ರಕ್ಕಂತೂ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸರದಿಯಲ್ಲಿ ನಿಂತವಳು ನಾನು, ಅಲ್ಲಿಯ 500 ರೂಪಾಯಿ ಶುಲ್ಕ ಕಟ್ಟಿದವಳೂ ನಾನೇ. ನೀವು ಪಡೆದ 6,500 ಯಾವ ಕೆಲಸಕ್ಕೆ ಎಂಬುದಕ್ಕೆ ಇಂದಿನವರೆಗೂ ಉತ್ತರವಿಲ್ಲ.

ವಿದೇಶದ ನೌಕರಿಗೆ ಜನರನ್ನು ಕಳಿಸುವ ವ್ಯವಹಾರ ಮಾಡುವವರಿಗೆ 1983ರ ವಲಸೆ ಕಾಯ್ದೆಯ 10ನೆಯ ಕಲಮಿನಂತೆ ನೋಂದಣಿ ಪ್ರಮಾಣಪತ್ರವಿಲ್ಲದೆ ಈ ವ್ಯವಹಾರ ಮಾಡುವಂತಿಲ್ಲ ಎಂಬುದನ್ನು ನಾನು ತಿಳಿಸಿಕೊಡಬೇಕಾಗಿಲ್ಲ. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲೆ ಶೇ. 18ರ ಜಿಎಸ್‌ಟಿ, ಅಂದರೆ 35,400 ರೂಪಾಯಿಗೆ ಮೀರಬಾರದು, ಅದಕ್ಕೆ ರಸೀದಿ ಕೊಡಬೇಕು, ಪರವಾನಗಿ ಸಂಖ್ಯೆಯನ್ನು ಕಚೇರಿಯಲ್ಲೂ ಜಾಹೀರಾತಿನಲ್ಲೂ ಎದ್ದು ಕಾಣುವಂತೆ ಹಾಕಬೇಕು ಎಂದು ವಿದೇಶಾಂಗ ಸಚಿವಾಲಯ ಮತ್ತೆ ಮತ್ತೆ ಹೇಳಿದೆ. ಇವೆಲ್ಲ ನಿಮ್ಮ ಕಸುಬಿನ ಮೊದಲ ಪಾಠಗಳು. ನನಗೆ ಇವು ತಿಳಿದದ್ದು ಹಣ ಕಟ್ಟಿದ ಮೇಲೆ ಎಂಬುದು ನನ್ನ ತಪ್ಪು. ನಿಮಗೆ ಇವು ಮೊದಲಿನಿಂದಲೂ ತಿಳಿದಿದ್ದವು. ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ನಿಮ್ಮ ಸಂಸ್ಥೆಯ ಹೆಸರನ್ನು ಹುಡುಕಿದೆ. ಹೆಸರನ್ನು ಬೇರೆ ಬೇರೆ ಕಾಗುಣಿತದಲ್ಲಿ ಬರೆದು ಹುಡುಕಿದರೂ ಸಿಗಲಿಲ್ಲ.

ಆ ನಂತರ ನೀವು ಕೊಟ್ಟ ಒಪ್ಪಂದಪತ್ರವನ್ನು ಮತ್ತೊಮ್ಮೆ ಓದಿದೆ. ತಿಂಗಳಿಗೆ 35,000 ಬಾತ್ ಸಂಬಳವೆಂದಿದೆ, ಆದರೆ ವಾರಕ್ಕೆ ಎಷ್ಟು ತಾಸು ಪಾಠ, ವಸತಿ ಯಾರದು, ಕೆಲಸದ ಪರವಾನಗಿ ಯಾರು ಮಾಡಿಸುತ್ತಾರೆ ಎಂಬ ಮಾತೇ ಇಲ್ಲ. ಉದ್ಯೋಗದಾತರು ಸಹಿ ಮಾಡಬೇಕಾದ ಜಾಗದಲ್ಲಿ ನಿಮ್ಮ ಮೊಹರಿದೆ. ಹಾಗಾಗಿ ಅದರಲ್ಲಿ ಹೆಸರಿಸಿದ ಶಾಲೆಯ ವಿಳಾಸವನ್ನು ಅದರದೇ ಜಾಲತಾಣದಿಂದ ಪಡೆದು ನೇರವಾಗಿ ಬರೆದು ಕೇಳಿದೆ. ತಮ್ಮಲ್ಲಿ ಅಂಥ ಹುದ್ದೆ ಖಾಲಿ ಇಲ್ಲ, ನಿಮ್ಮ ಸಂಸ್ಥೆಯ ಹೆಸರನ್ನು ತಾವು ಕೇಳಿಯೇ ಇಲ್ಲ ಎಂದು ಮೂರನೆಯ ದಿನ ಉತ್ತರ ಬಂತು. ಆ ಉತ್ತರದ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಆ ಪ್ರತಿಯನ್ನು ಹಿಡಿದುಕೊಂಡೇ ಕಳೆದ ತಿಂಗಳ ಎರಡನೆಯ ಬುಧವಾರ ನಾನು ಮತ್ತು ನನ್ನ ತಂದೆ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸು ಹತ್ತಿ ನಿಮ್ಮಲ್ಲಿಗೆ ಬಂದೆವು. ಹನ್ನೊಂದು ಗಂಟೆಗೆ ಬನ್ನಿರೆಂದು ಹೇಳಿದವರು ನಿಮ್ಮ ವ್ಯವಸ್ಥಾಪಕರು, ಒಳಗೆ ಕರೆದದ್ದು ಒಂದು ಇಪ್ಪತ್ತಕ್ಕೆ. ಕೋಣೆಯ ಸೋಫಾದ ಮೇಲೆ ಹೊಸ ಫೈಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಆರು ಜನ ಹುಡುಗ ಹುಡುಗಿಯರು ಕುಳಿತಿದ್ದರು. ನಾನು ಪರವಾನಗಿ ಸಂಖ್ಯೆ ಕೇಳಿದೆ. "ಲೈಸೆನ್ಸ್ ನೋಡಾಕ ನೀವೇನು ಆರ್‌ಟಿಓ ಅಧಿಕಾರಿ ಏನ್ರಿ ಮೇಡಂ?" ಎಂದು ಅವರು ಆ ಮಕ್ಕಳತ್ತ ತಿರುಗಿ ನಕ್ಕರು. ಇಬ್ಬರು ಮಕ್ಕಳು ನಕ್ಕರು, ಉಳಿದವರು ತಲೆ ತಗ್ಗಿಸಿದರು. ನನ್ನ ತಂದೆ, "ಸಾಹೇಬ್ರ, ಆಕಿ ಕೇಳಿದ್ದಕ್ಕ ಉತ್ತರಾ ಕೊಡ್ರಿ" ಎಂದಷ್ಟೇ ಹೇಳಿದರು. ಅದಕ್ಕೆ ಬಂದ ಮಾತು, "ಯಜಮಾನ್ರ, ನೀವು ಹೊರಗ ಹೋಗ್ರಿ, ಇದು ನಿಮಗ ತಿಳಿಯೂದಲ್ಲ." ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು ಒಂದೂ ಮಾತಾಡದೆ ಎದ್ದು ಹೊರಗೆ ಹೋದರು. ಹೊರಗೆ ಕುರ್ಚಿ ಇರಲಿಲ್ಲ. ಅವರು ಮೆಟ್ಟಿಲ ಕಟಾಂಜನ ಹಿಡಿದು ನಿಂತದ್ದು ನನಗೆ ಬಾಗಿಲ ಗಾಜಿನಿಂದ ಕಾಣುತ್ತಿತ್ತು.

ಆಮೇಲೆ ನಿಮ್ಮ ವ್ಯವಸ್ಥಾಪಕರು ಒಂದು ಹಾಳೆ ಕೊಟ್ಟು, ಎದ್ದು ನಿಂತು ಗಟ್ಟಿಯಾಗಿ ಓದಲು ಹೇಳಿದರು. ಓದಿದೆ. 'ಕಂಫರ್ಟಬಲ್' ಎಂಬ ಒಂದೇ ಪದವನ್ನು ಮೂರು ಸಲ ಹೇಳಿಸಿದರು, ಮೂರು ಸಲವೂ ತಲೆ ಅಲ್ಲಾಡಿಸಿದರು. "ನಿಮ್ಮ ಇಂಗ್ಲಿಷು ಧಾರವಾಡದಾಗ ನಡೀತದ, ಬ್ಯಾಂಕಾಕಿನಾಗ ನಡ್ಯಂಗಿಲ್ಲ. ಅದಕ್ಕ ಆ ಸಾಲಿಯವ್ರು ಬ್ಯಾಡಂದ್ರು" ಎಂದರು. ಅದಕ್ಕೂ ಹದಿನೈದು ದಿನ ಮೊದಲು ಇದೇ ವ್ಯಕ್ತಿ ಫೋನಿನಲ್ಲಿ ನನ್ನ ಆಯ್ಕೆಯಾಗಿದೆ ಎಂದು ತಿಳಿಸಿ ಕೊನೆಯ ಕಂತನ್ನು ಪಡೆದಿದ್ದರು. ನಿಮ್ಮ ಸಂಸ್ಥೆಯ ಹೆಸರನ್ನೇ ಕೇಳದ ಶಾಲೆ ನನ್ನ ಉಚ್ಚಾರವನ್ನು ಕೇಳಿ ತಿರಸ್ಕರಿಸಿದ್ದು ಹೇಗೆಂದು ಕೇಳುತ್ತ ಆ ಇಮೇಲಿನ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಓದಲಿಲ್ಲ, ಅದರ ಮೇಲೆ ಚಹಾದ ಲೋಟವನ್ನಿಟ್ಟರು.

ಪಾಸ್‌ಪೋರ್ಟನ್ನಾದರೂ ಕೊಡಿ ಎಂದಾಗ, ರದ್ದತಿ ಶುಲ್ಕವಾಗಿ ಇನ್ನೂ 25,000 ಕಟ್ಟಿದರೆ ಕೊಡುವುದಾಗಿ ಹೇಳಿದರು. ಇಲ್ಲವಾದರೆ ಪ್ರವಾಸಿಯಾಗಿ ಹೋಗಿ ಮೂರನೆಯ ದಿನದಿಂದ ಬೇರೊಂದು ಊರಿನ ಶಾಲೆಯಲ್ಲಿ ಪಾಠ ಶುರು ಮಾಡಿ, ಕಾಗದಪತ್ರ ಆಮೇಲೆ ನೋಡಿಕೊಳ್ಳೋಣ ಎಂದರು. ಊರಿನ ಹೆಸರು ಕೇಳಿದರೆ ಹೇಳಲಿಲ್ಲ. ಪ್ರವಾಸಿಯಾಗಿ ಒಳಹೊಕ್ಕವರು ಥಾಯ್ಲೆಂಡಿನಲ್ಲಿ ಕೆಲಸ ಮಾಡುವಂತಿಲ್ಲ, ಅದಕ್ಕೆ 'ಬಿ' ವರ್ಗದ ವೀಸಾ ಮತ್ತು ಕೆಲಸದ ಪರವಾನಗಿ ಬೇಕು, ಶಾಲೆಯಲ್ಲಿ ಕಲಿಸಲು ಅಲ್ಲಿನ ಶಿಕ್ಷಕರ ಮಂಡಳಿಯ ಅನುಮತಿಯೂ ಬೇಕು. ಶಿಕ್ಷಕರನ್ನು ಕಳಿಸುವುದನ್ನೇ ವೃತ್ತಿ ಮಾಡಿಕೊಂಡ ಸಂಸ್ಥೆಗೆ ಇದು ತಿಳಿದಿಲ್ಲವೆಂದು ನಾನು ನಂಬಲಾರೆ. ಥಾಯ್ಲೆಂಡಿನ ನೌಕರಿ ಎಂದು ಕರೆದೊಯ್ದು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಯ ವಂಚನಾ ಕೇಂದ್ರಗಳಲ್ಲಿ ದುಡಿಸುತ್ತಾರೆಂದು ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. 2025ರ ಮಾರ್ಚಿನಲ್ಲಿ ಅಂಥ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ನೀವು ಆ ಗುಂಪಿನವರೆಂದು ನಾನು ಆರೋಪಿಸುತ್ತಿಲ್ಲ. ಆದರೆ ಊರಿನ ಹೆಸರನ್ನೂ ಹೇಳದೆ, ಪ್ರವಾಸಿಯಾಗಿ ವಿಮಾನ ಹತ್ತು ಎನ್ನುವವರನ್ನು ಮನೆಯ ಮಗಳೊಬ್ಬಳು ಬೇರೆ ಯಾವ ದೃಷ್ಟಿಯಿಂದ ನೋಡಬೇಕು?

ಅಂದು ತಿರುಗಿ ಬರುವಾಗ ನನ್ನ ತಂದೆ ನವನಗರ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ, "ಪಾಸ್‌ಪೋರ್ಟ್ ಕೊಟ್ರೇನವಾ?" ಎಂದು ಕೇಳಿದರು. ಇಲ್ಲವೆಂದೆ. ನನ್ನ ಇಂಗ್ಲಿಷನ್ನು ಹೀಯಾಳಿಸಿದ್ದನ್ನು ನಾನು ಮರೆಯಬಲ್ಲೆ. ಅವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿದ್ದನ್ನು ಮರೆಯಲಾರೆ.

ನಿಮ್ಮದೇ ಕರಾರಿನ ಏಳನೆಯ ಷರತ್ತಿನ ಪ್ರಕಾರ 90 ದಿನಗಳಲ್ಲಿ ನೇಮಕಾತಿಯಾಗದಿದ್ದರೆ ಪೂರ್ತಿ ಹಣ ವಾಪಸು ಮಾಡಬೇಕು. ಇಂದಿಗೆ 141 ದಿನಗಳಾಗಿವೆ. ಪಾಸ್‌ಪೋರ್ಟಿನ ವಿಷಯದಲ್ಲಿ ಷರತ್ತಿನ ಮಾತೇ ಬರುವುದಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೆಯ ಕಲಮಿನಂತೆ ಅದು ಎಂದೆಂದಿಗೂ ಕೇಂದ್ರ ಸರ್ಕಾರದ ಸ್ವತ್ತು, ಶುಲ್ಕಕ್ಕಾಗಿ ಒತ್ತೆಯಿಟ್ಟುಕೊಳ್ಳುವ ಹಕ್ಕು ನಿಮಗಿಲ್ಲ.

ಈ ಪತ್ರ ತಲುಪಿದ ಮೂರು ದಿನಗಳೊಳಗೆ ಪಾಸ್‌ಪೋರ್ಟ್ ಮತ್ತು ಪ್ರಮಾಣಪತ್ರಗಳು, ಹದಿನೈದು ದಿನಗಳೊಳಗೆ 1,85,000 ರೂಪಾಯಿ ನನ್ನ ಕೈಸೇರಬೇಕು. ಸೇರದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಡಿ ವಂಚನೆಯ ದೂರನ್ನು ಹುಬ್ಬಳ್ಳಿ ಪೊಲೀಸರಿಗೆ ಕೊಡುತ್ತೇನೆ, ಇ-ಮೈಗ್ರೇಟ್ ಮೂಲಕ ವಿದೇಶಾಂಗ ಸಚಿವಾಲಯದ ಅಧಿಕಾರಿಯಾದ ವಲಸಿಗರ ಮಹಾಸಂರಕ್ಷಕರಿಗೂ ದೂರು ಸಲ್ಲಿಸುತ್ತೇನೆ. ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸಿಸುವ ಊರೇ ಸಾಕು, 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಅರ್ಜಿ ಬರೆದು ಸಿದ್ಧವಾಗಿದೆ, ದಿನಾಂಕವನ್ನಷ್ಟೇ ತುಂಬಬೇಕು.

ಪ್ರಕರಣಗಳು ಎಷ್ಟು ವರ್ಷ ಎಳೆದರೂ ಎಳೆಯಲಿ. ಹದಿನಾರನೆಯ ದಿನದ ನಂತರ ಬರುವ ಪ್ರತಿ ಬುಧವಾರವೂ ನಾನು ನಿಮ್ಮ ಕಟ್ಟಡದ ಎದುರಿನ ರಸ್ತೆಯ ಬದಿಯಲ್ಲಿ ನಿಂತಿರುತ್ತೇನೆ. ಹೊಸ ಫೈಲು ಹಿಡಿದು ಬರುವ ಪ್ರತಿಯೊಬ್ಬ ಹುಡುಗ ಹುಡುಗಿಗೂ ಈ ಪತ್ರದ ಮತ್ತು ಆ ಶಾಲೆಯ ಉತ್ತರದ ಪ್ರತಿಯನ್ನು ಕೈಗೆ ಕೊಡುತ್ತೇನೆ. ನನ್ನ ತಂದೆಯವರೂ ಜೊತೆಗಿರುತ್ತಾರೆ.

ಇಂತಿ,
ನೊಂದ ಅಭ್ಯರ್ಥಿ

ಲಗತ್ತು: ರಸೀದಿಯ ಪ್ರತಿ, ಹಣ ವರ್ಗಾವಣೆಯ ವಿವರ, ಒಪ್ಪಂದಪತ್ರ, ಶಾಲೆಯ ಇಮೇಲ್.