ನಡವಳಿ ಓದಿಸಿದವರಿಗೆ

ನಿನ್ನೆ ನಿವೃತ್ತಳಾದೆ. ಪಂಚಾಯಿತಿ ಸದಸ್ಯೆಯರಿಗೆ ತರಬೇತಿ ಕೊಡುವ ಕೆಲಸದಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದೆ. ಬೀಳ್ಕೊಡುಗೆಯಲ್ಲಿ ಮೈಸೂರು ಪೇಟ ತೊಡಿಸಿ, ನನ್ನಿಂದ ಎಷ್ಟೋ ಹೆಂಗಸರು ಕಲಿತರು ಎಂದರು. ಗಂಟಲು ಕಟ್ಟಿ ಮಾತು ಹೊರಡಲಿಲ್ಲ. ಆಗ ಹೇಳಬೇಕಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಮದ್ದೂರು ತಾಲ್ಲೂಕಿನ ನನ್ನ ದೊಡ್ಡಮ್ಮನಿಗೆ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿತ್ತು. ದೇಶದ ಪಂಚಾಯಿತಿಗಳಲ್ಲೆಲ್ಲ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರಲು ಇನ್ನೂ ವರ್ಷಗಳಿದ್ದವು. ದೊಡ್ಡಮ್ಮ ಗೆದ್ದಳು. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರನ್ನು ಕೊನೆಯವರೆಗೂ ‘ನೀರ್ ಸಾಬ್’ ಎಂದೇ ನೆನೆಯುತ್ತಿದ್ದಳು. ಬೋರ್‌ವೆಲ್ ಮೊದಲು ದಲಿತರ ಕೇರಿಗೆ ಆಗಬೇಕೆಂದು ಹಟ ಹಿಡಿದಿದ್ದಕ್ಕೆ ನೆಂಟರು ಆರು ತಿಂಗಳು ಮಾತು ಬಿಟ್ಟಿದ್ದರು.

ಇನ್ನೊಬ್ಬರು ಎಚ್.ಡಿ. ಕೋಟೆಯ ಹಾಡಿಯೊಂದರಿಂದ, ಅಂದರೆ ಆದಿವಾಸಿಗಳ ಕೇರಿಯಿಂದ, ಬಂದಿದ್ದ ಸದಸ್ಯೆ. 2010ರಲ್ಲಿ ಮಹಿಳಾ ಮೀಸಲಾತಿ ಅರ್ಧಕ್ಕೇರಿದ ಮೇಲೆ ಗೆದ್ದವರು. ನಾನು ಪಂಚಾಯತ್ ರಾಜ್ ಅಧಿನಿಯಮದ ಪ್ರಕರಣಗಳನ್ನು ವಿವರಿಸುತ್ತಿದ್ದಾಗ ಚೀಲದಿಂದ ನಡವಳಿಯ, ಅಂದರೆ ಪಂಚಾಯಿತಿ ಸಭೆಯ ತೀರ್ಮಾನ ಬರೆದಿಡುವ ಪುಸ್ತಕದ, ನಕಲು ತೆಗೆದು, “ಇದರಲ್ಲಿ ನನ್ನ ಸಹಿ ಇದೆ ಮೇಡಂ. ಏನಕ್ಕೆ ಒಪ್ಪಿದ್ದೇನೆ, ಓದಿ ಹೇಳಿ” ಎಂದರು. ಸಭೆಯೇ ನಡೆದಿರಲಿಲ್ಲ. ಪುಸ್ತಕ ಮನೆಗೆ ಬಂದಿತ್ತು, ಯಾರೋ ಜಾಗ ತೋರಿಸಿದ್ದರು, ಇವರು ಸಹಿ ಮಾಡಿದ್ದರು. ಹಾಡಿಯ ರಸ್ತೆಗೆಂದು ಇವರು ಕೇಳಿದ್ದ ಹಣ ಬೇರೆ ಊರಿನ ಚರಂಡಿಗೆ ಹೋಗಿತ್ತು. ನಾನು ಓದಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು, “ನಮ್ಮ ಮನೆಗೂ ಹೀಗೆಯೇ ಪುಸ್ತಕ ಬರುತ್ತದೆ” ಎಂದರು. ಆಮೇಲೆ ಮತ್ತೊಬ್ಬರು, ಮತ್ತೊಬ್ಬರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ವರ್ಷ ಪಾಠ ಮಾಡಿಯೂ ಅದನ್ನು ಕೇಳಿರಲಿಲ್ಲವಲ್ಲ! ಮುಂದಿನ ತಂಡದಿಂದ ಮೊದಲ ದಿನದ ಪಾಠವೇ ನಡವಳಿ ಓದುವುದಾಯಿತು; ಓದು ಬಾರದವರ ಪಕ್ಕದಲ್ಲಿ ಓದು ಬಲ್ಲವರನ್ನು ಕೂರಿಸಿದೆವು. ಅದಕ್ಕಾಗಿ ನನಗೆ ಸಂದ ಹೊಗಳಿಕೆಯೆಲ್ಲ ಹಾಡಿಯ ಆ ಸದಸ್ಯೆಯದು. ಗೆದ್ದವಳು ಹೆಂಡತಿ, ಆಳುವವನು ಗಂಡ ಎಂದು ನಗುವವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಆ ಪುಸ್ತಕವನ್ನು ಅವಳ ಕೈಗೆ ಸಿಗದಂತೆ ನೋಡಿಕೊಂಡವರು ಯಾರು ಎಂದು ಅವರು ಕೇಳುವುದೇ ಇಲ್ಲ.

ಸದಸ್ಯೆಯರ ಕೈಗೂಸುಗಳಿಗೆ ಅಪರಾತ್ರಿಯಲ್ಲೂ ಹಾಲು ಕಾಯಿಸಿಕೊಟ್ಟ ಹಾಸ್ಟೆಲಿನ ಅಡುಗೆಯಮ್ಮನಿಗೆ, ನನ್ನ ಕೈಬರಹ ಸಹಿಸಿಕೊಂಡ ಬೆರಳಚ್ಚುಗಾರರಿಗೆ, ನಾನು ಊರೂರು ತಿರುಗುವಾಗ ಮನೆ ನೋಡಿಕೊಂಡ ಯಜಮಾನರಿಗೆ ಋಣಿಯಾಗಿದ್ದೇನೆ.

ಹಾಡಿಯ ಆ ಅಕ್ಕನ ಮೊಬೈಲ್ ನಂಬರ್ ಬದಲಾಗಿದೆ. ಸೋಮವಾರ ಬೆಳಿಗ್ಗೆ ಕೋಟೆ ಬಸ್ಸು ಹತ್ತಿ ಹೋಗಿ, ಎದುರಿಗೇ ಕುಳಿತು ಹೇಳಿಬರುತ್ತೇನೆ.