ಮಗಳಿಗೊಂದು ಪತ್ರ: ಪ್ರೋನೋಟಿನ ಹಿಂಬದಿ

ಗಂಗಾವತಿ
ಭಾನುವಾರ ರಾತ್ರಿ

ಅವ್ವಾ,

ಮೂರು ದಿನದಿಂದ ನಿನ್ನ ಫೋನು ಸ್ವಿಚ್ ಆಫ್. ಯಾಕಂತ ಗೊತ್ತಾಯಿತು, ಅದಕ್ಕೇ ಕಾಗದ. ಗುರುವಾರ ಸಂಜೆ, ನೀನು ಅಮೆರಿಕದಲ್ಲಿ ಓದಲಿಕ್ಕೆ ಎತ್ತಿದ ಸಾಲದವರು ನನಗೇ ಫೋನ್ ಹಚ್ಚಿದ್ದರು. ಬೆಂಗಳೂರು ಕನ್ನಡದ ಹುಡುಗ. ಎಷ್ಟು ಡಾಲರ್ ಬಾಕಿ, ಎಷ್ಟು ಕಂತು ತಪ್ಪಿದೆ, ಎಲ್ಲ ಓದಿ ಹೇಳಿದ. ಪಾಸ್‌ಪೋರ್ಟು, ಪೊಲೀಸು ಅಂತಲೂ ಒಂದು ಮಾತು ಹಾಕಿದ. ಕೊನೆಗೆ ದನಿ ಇಳಿಸಿ, "ಅಂಕಲ್, ಇವತ್ತು ಬರೀ ಐವತ್ತು ಡಾಲರ್ ಕಟ್ಟಿಸಿ, ಉಳಿದಿದ್ದು ನಾನು ನೋಡ್ಕೋತೀನಿ" ಅಂದ.

ನನಗೆ ಸಿಟ್ಟು ಬರಲಿಲ್ಲ. ನಾಚಿಕೆ ಆಯಿತು. ಅದು ನನ್ನದೇ ಮಾತು.

ದಲಾಲಿ ಅಂಗಡಿಯಲ್ಲಿ ನಿಮ್ಮಪ್ಪ ಲೆಕ್ಕ ಬರೀತಿದ್ದ ಅಂತಷ್ಟೇ ನಿನಗೆ ಗೊತ್ತು. ಬೀಜ ಗೊಬ್ಬರಕ್ಕೆ ಸಾಹುಕಾರರು ಮುಂಗಡ ಕೊಟ್ಟು ಪ್ರೋನೋಟು, ಅಂದರೆ ಸಾಲ ತೀರಿಸುತ್ತೇನೆ ಅಂತ ಸಹಿ ಹಾಕಿದ ಚೀಟಿ, ಬರೆಸಿಕೊಳ್ಳುತ್ತಿದ್ದರು. ಅದಕ್ಕೆ ಮೂರು ವರ್ಷದ ಮುದ್ದತು, ಆಮೇಲೆ ಕೋರ್ಟು ಕೇಳೋದಿಲ್ಲ. ಮುದ್ದತು ಹತ್ತಿರ ಬಂದ ನೋಟುಗಳನ್ನು ತೆಗೆದು ನನ್ನ ಕೈಗೆ ಕೊಡೋರು. "ಎಷ್ಟರೆ ಹಚ್ಚಿಸಿಕೊಂಡು ಬಾ" ಅನ್ನೋರು. ಕಾರಟಗಿ ಕಡೆಯ ಒಬ್ಬ ರೈತನ ಮನೆಗೆ ಹಾಗೆ ಹೋಗಿದ್ದೆ. ಇನ್ನು ಎಂಟೇ ದಿನ ಉಳಿದಿತ್ತು, ಆತನಿಗೆ ಗೊತ್ತಿರಲಿಲ್ಲ. 100 ರೂಪಾಯಿ ಕೊಟ್ಟ. ನೋಟಿನ ಹಿಂಬದಿಗೆ "ಈ ದಿನ ನೂರು ರೂಪಾಯಿ ಸಂದಾಯ" ಅಂತ ಬರೆಸಿ ಸಹಿ ಹಾಕಿಸಿದೆ. ಅಲ್ಲಿಂದ ಮತ್ತೆ ಹೊಸದಾಗಿ ಮೂರು ವರ್ಷ. "ನೂರಕ್ಕೇ ಬಿಟ್ಟೆಲ್ಲೋ ಪುಣ್ಯಾತ್ಮ" ಅಂತ ಚಹಾ ಮಾಡಿಸಿದ. ಕುಡಿದು ಬಂದೆ.

ಈಗ ಆ ಐವತ್ತು ಡಾಲರಿನ ಅರ್ಥ ಆಯಿತಲ್ಲ? ಶನಿವಾರ ನಮ್ಮ ವಕೀಲರ ಹತ್ತಿರ ಹೋಗಿದ್ದೆ. ಅಮೆರಿಕದಲ್ಲೂ ಖಾಸಗಿ ಸಾಲಕ್ಕೆ ಮುದ್ದತು ಉಂಟಂತೆ, ರಾಜ್ಯಕ್ಕೊಂದು ಥರ. ಎಷ್ಟೋ ರಾಜ್ಯಗಳಲ್ಲಿ ಚಿಲ್ಲರೆ ಕಟ್ಟಿದರೂ ಎಣಿಕೆ ಮೊದಲಿಂದ ಶುರು. ನಿನ್ನ ಮುದ್ದತು ಇನ್ನೂ ಇರಬಹುದು, ಆದರೆ ಯಾವ ರಾಜ್ಯದ ಕಾನೂನು ಅಂತ ಕರಾರು ಪತ್ರದಲ್ಲಿ ನೋಡುವ ತನಕ ಒಂದು ಡಾಲರೂ ಕಳಿಸಬೇಡ. "ಹೌದು, ಕಟ್ಟುತ್ತೇನೆ" ಅಂತ ಮೆಸೇಜೂ ಬೇಡ.

ಬೇರೆಯವರ ಸಾಲ ವಸೂಲಿ ಮಾಡುವ ಕಂಪನಿಗಳಿಗೆ ಅಲ್ಲಿ 1977ರಿಂದಲೇ ಕಾನೂನು ಇದೆ. ಮೊದಲ ಸಲ ಮಾತಾಡಿದ ಐದು ದಿನದೊಳಗೆ ಸಾಲ ಯಾರದು, ಎಷ್ಟು ಅಂತ ಬರೆದು ತಿಳಿಸಬೇಕು. ಅದು ಕೈಸೇರಿದ 30 ದಿನದೊಳಗೆ "ಒಪ್ಪಲ್ಲ, ದಾಖಲೆ ತೋರಿಸಿ" ಅಂತ ನೀನು ಬರೆದು ಹಾಕಿದರೆ, ತೋರಿಸುವ ತನಕ ವಸೂಲಿ ನಿಲ್ಲಿಸಬೇಕು. ಸಾಲ ಅಲ್ಲಿ ಭತ್ತದ ಹಾಗೆ ಕೈಯಿಂದ ಕೈಗೆ ಮಾರಾಟ ಆಗುತ್ತದೆ, ಈಗ ಯಾರ ಕೈಯಲ್ಲಿದೆಯೋ ಕೇಳಲೇಬೇಕು. ಇನ್ನು ನಾನು ಜಾಮೀನು ಹಾಕಿಲ್ಲ. ನಿನ್ನ ಲೆಕ್ಕ ನನ್ನೆದುರು ಬಿಚ್ಚಿದ್ದೇ ಆ ಕಾನೂನಿಗೆ ವಿರುದ್ಧವಂತೆ.

ಪೊಲೀಸರ ಮಾತಿಗೆ ವಕೀಲರು ನಕ್ಕರು. ಇದು ಸಿವಿಲ್ ವ್ಯವಹಾರ. ಇಂಗ್ಲೆಂಡು, ಸಿಂಗಪುರದ ಕೋರ್ಟಿನ ಡಿಕ್ರಿ (ತೀರ್ಪಿನ ಆದೇಶ) ಆದರೆ ನಮ್ಮ ಜಿಲ್ಲಾ ಕೋರ್ಟಿನಲ್ಲಿ ನೇರ ಜಾರಿ ಮಾಡಿಸಬಹುದು, ಅಮೆರಿಕ ಆ ಪಟ್ಟಿಯಲ್ಲಿಲ್ಲ, ಅವರು ಇಲ್ಲಿ ಬಂದು ಬೇರೆ ದಾವೆ ಹೂಡಬೇಕು. ಹಾಗಂತ ತಪ್ಪಿಸಿಕೊಳ್ಳೋಣ ಅಂತ ನಾನು ಹೇಳುತ್ತಿಲ್ಲ. ಓದಿದ್ದೀ, ಉಂಡಿದ್ದೀ, ಆ ರೊಕ್ಕ ನಮ್ಮದಲ್ಲ. ಕೆಲಸ ಹೋಗಿ ವಾಪಸ್ ಬಂದಿದ್ದು ನಿನ್ನ ತಪ್ಪೂ ಅಲ್ಲ. ದಾಖಲೆ ಸರಿ ಇದ್ದರೆ ನಿನ್ನ ಈಗಿನ ಪಗಾರದಲ್ಲಿ ಎಷ್ಟು ಸಾಧ್ಯವೋ ಅಷ್ಟಕ್ಕೆ ಮಾತಾಡೋಣ. ಚುಕ್ತಾ ಪತ್ರ ಕೊಡುತ್ತೇವೆ ಅಂತ ಅವರು ಮೊದಲು ಬರೆದುಕೊಡಲಿ, ರೊಕ್ಕ ಆಮೇಲೆ.

2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನೀನು ಅಲ್ಲಿಂದ ಗಂಟೆಗೊಂದು ಸಲ ಫೋನ್ ಮಾಡಿದ್ದಿ, ಅಪ್ಪ ನೀರು ಎಲ್ಲಿಗೆ ಬಂತು ಅಂತ. ನಿನ್ನ ಮನೆಗೆ ನೀರು ಬಂದಾಗ ಮಾತ್ರ ಫೋನ್ ಬಂದ್ ಮಾಡಿ ಕೂಡುತ್ತೀಯ. ನಿಮ್ಮವ್ವ ಇದನ್ನೇ ನಾಲ್ಕು ಸಲ ಅಂದಳು, ನಾನು ಒಂದು ಸಲ ಬರೆದಿದ್ದೇನೆ.

ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ರೈಲಿಗೆ ಹೊಸಪೇಟೆಗೆ ಬಾ, ಬೆಳಗಾದರೆ ಬಸ್‌ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ. ಕರಾರು ಪತ್ರ, ಅವರ ಇಮೇಲುಗಳು ಎಲ್ಲ ಪ್ರಿಂಟ್ ಹಾಕಿಸಿ ತಾ. ಒಂದು ಸಾಲಕ್ಕೆ ಏಳು ದಿನದಲ್ಲಿ ಏಳಕ್ಕಿಂತ ಹೆಚ್ಚು ಸಲ ಫೋನ್ ಮಾಡಬಾರದು ಅಂತ 2021ರಿಂದ ನಿಯಮ ಇದೆಯಂತೆ, ಅದಕ್ಕೆ ಹೊಸ ಕಿರ್ದಿ ಪುಸ್ತಕ ತಂದಿದ್ದೇನೆ. ಮೊದಲ ಸಾಲು ಬರೆದಾಗಿದೆ: ಗುರುವಾರ, ಸಂಜೆ 6-40, ಹುಡುಗ, ಐವತ್ತು ಡಾಲರ್ ಕೇಳಿದ, ಕೊಡಲಿಲ್ಲ.

ನಿಮ್ಮಪ್ಪ