ನಿಂತ ರೈಲನ್ನು ಕಾಯ್ದವರಿಗೆ

ವೇಲ್ಸ್‌ನ ಟಾಲಿಲಿನ್ ಎಂಬ ಉಗಿ ರೈಲ್ವೆಯ 2021ರ ಓಡಾಟದ ಋತು ಮುಗಿಯುತ್ತ ಬಂದಿರುವ ಈ ಹೊತ್ತಿನಲ್ಲಿ, ಕಳೆದ ವರ್ಷದ ಮಾರ್ಚ್‌ನಿಂದ ಈಚೆಗೆ, ಕೋವಿಡ್ ಕಾಲದಲ್ಲಿ, ಆ ರೈಲ್ವೆ ಉಳಿಯಲು ಕಾರಣರಾದ ಎಲ್ಲರಿಗೂ ಬಹಿರಂಗವಾಗಿ ಕೃತಜ್ಞತೆ ಸಲ್ಲಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ, ಕೋಲಾರದ ಕಡೆಯ ಕನ್ನಡತಿ. ರಜೆಯ ದಿನಗಳಲ್ಲಿ ವೇಲ್ಸ್‌ನ ಪಶ್ಚಿಮ ಕರಾವಳಿಯ ಟವಿನ್ ಎಂಬ ಪುಟ್ಟ ಊರಿಗೆ ಹೋಗಿ ಈ ರೈಲಿನಲ್ಲಿ ಗಾರ್ಡ್ ಆಗಿ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕಿ. ರೈಲ್ವೆಯ ಪರವಾಗಿ ಅಧಿಕೃತವಾಗಿ ಮಾತನಾಡಲು ಬೇರೆಯವರಿದ್ದಾರೆ, ಇದು ನನ್ನೊಬ್ಬಳ ಮಾತು. ಆ ಕಷ್ಟದ ತಿಂಗಳುಗಳಲ್ಲಿ ನೆರವಾದವರಲ್ಲಿ ಕನ್ನಡಿಗರೂ ಇದ್ದಾರೆ, ಅವರಲ್ಲಿ ಹಲವರು ಆ ರೈಲನ್ನು ಕಣ್ಣಾರೆ ಕಂಡವರಲ್ಲ. ತಾವು ಕೊಟ್ಟದ್ದು ಎಲ್ಲಿಗೆ ಹೋಯಿತು, ಯಾರ ಕೈಯಲ್ಲಿ ಯಾವ ಕೆಲಸವಾಯಿತು ಎಂಬುದು ಅವರಿಗೆ ಅವರ ಭಾಷೆಯಲ್ಲೇ ತಿಳಿಯಬೇಕೆಂಬುದು ನನ್ನ ಆಸೆ.

ಈ ರೈಲ್ವೆಯ ಹಿನ್ನೆಲೆಯನ್ನು ಸ್ವಲ್ಪ ಹೇಳದಿದ್ದರೆ ಉಳಿದದ್ದು ಏನು ಎಂಬುದು ಅರ್ಥವಾಗುವುದಿಲ್ಲ. ಬೆಟ್ಟದೊಳಗಿನ ಬ್ರಿನ್ ಎಗ್ಲ್ವಿಸ್ ಗಣಿಯ ಸ್ಲೇಟ್ ಕಲ್ಲನ್ನು ಕರಾವಳಿಗೆ ಇಳಿಸಲೆಂದು 1860ರ ದಶಕದಲ್ಲಿ ಹಾಕಿದ ಹಳಿ ಇದು. ಎರಡು ಹಳಿಗಳ ನಡುವಿನ ಅಂತರ ಎರಡು ಅಡಿ ಮೂರು ಇಂಚು ಮಾತ್ರ. 1864ರಲ್ಲಿ ತಯಾರಾದ ‘ಟಾಲಿಲಿನ್’ ಮತ್ತು 1866ರ ‘ಡೋಲ್‌ಗೋಕ್’ ಎಂಬ ಎರಡು ಉಗಿ ಎಂಜಿನ್‌ಗಳು ಇಂದಿಗೂ ಈ ರೈಲ್ವೆಯಲ್ಲೇ ಇವೆ. 1946ರ ಕೊನೆಗೆ ಗಣಿ ಮುಚ್ಚಿತು. ಆದರೂ ತಾನು ಬದುಕಿರುವವರೆಗೆ ರೈಲು ಓಡಿಸುತ್ತೇನೆಂದು ಮಾತು ಕೊಟ್ಟಿದ್ದ ಮಾಲೀಕ ಸರ್ ಹೆನ್ರಿ ಹೇಡನ್ ಜೋನ್ಸ್, ಸವೆದ ಹಳಿಯ ಮೇಲೆ ಹೇಗೋ ಅದನ್ನು ನಡೆಸಿಕೊಂಡು ಬಂದರು. 1950ರ ಜುಲೈಯಲ್ಲಿ ಅವರು ತೀರಿಕೊಂಡಾಗ ಎಲ್ಲವೂ ಮುಗಿಯಿತೆಂದೇ ಊರಿನವರು ಭಾವಿಸಿದ್ದರು. ಅದೇ ವರ್ಷದ ಅಕ್ಟೋಬರ್ 11ರಂದು ನಾನೀಗ ವಾಸಿಸುವ ಬರ್ಮಿಂಗ್‌ಹ್ಯಾಮ್‌ನ ಇಂಪೀರಿಯಲ್ ಹೋಟೆಲಿನಲ್ಲಿ ಲೇಖಕ ಟಾಮ್ ರೋಲ್ಟ್ ಮತ್ತು ಅವರ ಗೆಳೆಯರು ಒಂದು ಸಭೆ ಕರೆದರು. ಅಲ್ಲಿ ಸೇರಿದವರು ಕಟ್ಟಿದ ಸೊಸೈಟಿ ರೈಲ್ವೆಯ ಹೊಣೆ ಹೊತ್ತುಕೊಂಡಿತು. 1951ರ ಮೇ 14ರಂದು ಸ್ವಯಂಸೇವಕರ ಮೊದಲ ರೈಲು ಟವಿನ್‌ನಿಂದ ರಿಡರೋನೆನ್‌ವರೆಗೆ ಓಡಿತು. ಸ್ವಯಂಸೇವಕರು ಕೈಗೆತ್ತಿಕೊಂಡು ಉಳಿಸಿದ ಜಗತ್ತಿನ ಮೊದಲ ರೈಲ್ವೆ ಎಂಬ ಹಿರಿಮೆ ಇದರದು. ಈಗ ಹಳಿ ನಾಂಟ್ ಗ್ವೆರ್ನಾಲ್‌ವರೆಗೆ 7.25 ಮೈಲಿ ಸಾಗುತ್ತದೆ.

ಎಪ್ಪತ್ತು ವರ್ಷಗಳ ಕಾಲ ಈ ರೈಲ್ವೆಯನ್ನು ಬದುಕಿಸಿದ್ದು ಜನ ಒಂದೆಡೆ ಸೇರಿ ಮಾಡುವ ಕೆಲಸ. 2020ರ ಮಾರ್ಚ್ 23ರಂದು ಬ್ರಿಟನ್ನಿನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ನಿಷಿದ್ಧವಾದದ್ದು ಅದೇ. ಘೋಷಣೆ ಬಂದ ಸಮಯವೂ ಇದಕ್ಕಿಂತ ಕೆಟ್ಟದಾಗಿರಲು ಸಾಧ್ಯವಿರಲಿಲ್ಲ. ಇಂಥ ರೈಲ್ವೆಗಳು ಈಸ್ಟರ್ ಆಸುಪಾಸಿನಿಂದ ಅಕ್ಟೋಬರ್ ಕೊನೆಯವರೆಗೆ ಗಳಿಸಿ, ಚಳಿಗಾಲವಿಡೀ ಖರ್ಚು ಮಾಡುತ್ತವೆ. ಎಂಜಿನ್ ಬಿಚ್ಚಿ ದುರಸ್ತಿ ಮಾಡುವುದು, ಹಳಿಗಳ ಕೆಳಗಿನ ಅಡ್ಡ ದಿಮ್ಮಿಗಳಾದ ಸ್ಲೀಪರ್‌ಗಳನ್ನು ಬದಲಿಸುವುದು, ಬೋಗಿಗಳಿಗೆ ಬಣ್ಣ ಬಳಿಯುವುದು ಎಲ್ಲ ನಡೆಯುವುದು ಆಗಲೇ. ಆ ವರ್ಷ ಈಸ್ಟರ್ ಬಿದ್ದದ್ದು ಏಪ್ರಿಲ್ 12ಕ್ಕೆ. ಅಂದರೆ ಚಳಿಗಾಲದ ಖರ್ಚೆಲ್ಲ ಆಗಿಹೋಗಿ, ಟಿಕೆಟಿನ ಮೊದಲ ಹಣ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚಬೇಕಾಯಿತು. ರೈಲು ಓಡದಿದ್ದರೂ ವಿಮೆ, ವಿದ್ಯುತ್ತು, ಕಟ್ಟಡಗಳ ರಿಪೇರಿ, ಸೇತುವೆಗಳ ತಪಾಸಣೆ ಯಾವುದೂ ನಿಲ್ಲುವುದಿಲ್ಲ.

ನನ್ನ ಮೊದಲ ಕೃತಜ್ಞತೆ ಟವಿನ್‌ನ ಪೆಂಡ್ರೆಯಲ್ಲಿರುವ ಎಂಜಿನ್ ಶೆಡ್ಡಿನವರಿಗೆ. ಉಗಿ ಎಂಜಿನ್ನನ್ನು ಬೀಗ ಹಾಕಿ ಬಿಟ್ಟು ಹೋಗಲಾಗದು ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಬಾಯ್ಲರ್‌ನಲ್ಲಿ ನೀರು ಉಳಿದರೆ ಒಳಗಿನ ಉಕ್ಕನ್ನು ತುಕ್ಕು ತಿನ್ನುತ್ತದೆ. ನೀರು ಖಾಲಿ ಮಾಡಿದರೂ ಪಸೆ ಉಳಿದರೆ ಅದೇ ಗತಿ. ಆದ್ದರಿಂದ ತಳದ ಮುಚ್ಚಳಗಳನ್ನು ಬಿಚ್ಚಿ, ಜೋರಾಗಿ ನೀರು ಹಾಯಿಸಿ ಕೆಸರನ್ನು ತೊಳೆದು, ಪೂರ್ತಿ ಒಣಗಿಸಿ, ಗಾಳಿಯಾಡುವಂತೆ ಮುಚ್ಚಳಗಳನ್ನು ತೆರೆದೇ ಇಟ್ಟು, ಹೊಗೆಕೊಳವೆಯ ಬಾಯಿಗೆ ಮಾತ್ರ ಮುಚ್ಚಿಗೆ ಹಾಕಬೇಕು. ಹೊಳೆಯುವ ಉಕ್ಕಿನ ಸಲಾಕೆಗಳಿಗೆಲ್ಲ ಗ್ರೀಸ್ ಬಳಿದು ಆಗಾಗ ನೋಡುತ್ತಿರಬೇಕು. ಕಡಲ ಉಪ್ಪುಗಾಳಿ ಬೀಸುವ ಊರಿನಲ್ಲಿ ಒಂದು ವಾರದ ಅಲಕ್ಷ್ಯವೂ ಲೋಹದ ಮೇಲೆ ಕಾಣಿಸಿಕೊಳ್ಳುತ್ತದೆ.

ಇದನ್ನೆಲ್ಲ ಮಾಡಬೇಕಾದವರ ಕೈಯನ್ನು ಕಟ್ಟಿಹಾಕುವ ನಿಯಮವೊಂದು ಆಗ ಇತ್ತು. ಸಂಬಳದ ಸಿಬ್ಬಂದಿಯನ್ನು ಸರ್ಕಾರದ ಫರ್ಲೋ ಯೋಜನೆಗೆ ಸೇರಿಸಿದರೆ ಅವರ ಸಂಬಳದ ಶೇ 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮಿತಿಯಲ್ಲಿ, ಸರ್ಕಾರ ಭರಿಸುತ್ತಿತ್ತು. ಅನೇಕ ಸಂಸ್ಥೆಗಳು ಉಳಿದದ್ದೇ ಅದರಿಂದ, ಆ ಉಪಕಾರವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಹಾಗೆ ಸೇರಿದವರು ಆರಂಭದ ತಿಂಗಳುಗಳಲ್ಲಿ ತಮ್ಮ ಸಂಸ್ಥೆಗಾಗಿ ಯಾವ ಕೆಲಸವನ್ನೂ, ಬಿಟ್ಟಿಯಾಗಿ ಕೂಡ, ಮಾಡುವಂತಿರಲಿಲ್ಲ. ಎಂಜಿನ್‌ನ ಪ್ರತಿ ಬೋಲ್ಟನ್ನೂ ಬಲ್ಲವರು ಶೆಡ್ಡಿನ ಹತ್ತಿರವೇ ಮನೆ ಇದ್ದರೂ ಒಳಗೆ ಕಾಲಿಡದೆ ಕೂರುವುದು ಎಷ್ಟು ಕಠಿಣ ಎಂಬುದನ್ನು ಫೋನಿನಲ್ಲಿ ಅವರ ದನಿ ಕೇಳಿದವರು ಬಲ್ಲರು. ಅವರ ಆ ಸಂಯಮಕ್ಕೆ ವಂದನೆಗಳು. ಅವರ ಬದಲು, ಅನಿವಾರ್ಯ ಕಾವಲು ಕೆಲಸಕ್ಕೆಂದು ಅನುಮತಿ ಇದ್ದ ಬೆರಳೆಣಿಕೆಯ ಊರಿನವರು ಒಬ್ಬೊಬ್ಬರಾಗಿ ಬಂದು ಶೆಡ್ಡು ನೋಡಿದರು, ಬೋಗಿಗಳ ಬೂಷ್ಟು ಒರೆಸಿದರು, ಕಿಟಕಿ ಇಳಿಸಿ ಗಾಳಿಯಾಡಿಸಿ ಸಂಜೆ ಮತ್ತೆ ಏರಿಸಿದರು. ಯಾವ ಪ್ರಯಾಣಿಕನೂ ಎಂದೂ ಕಾಣದ ಕೆಲಸ ಅದು.

ಹಳಿ ನೋಡಿಕೊಂಡವರ ಬಗ್ಗೆ ಹೇಳುವಾಗ ನನ್ನ ದೊಡ್ಡಪ್ಪನ ಮಾತು ನೆನಪಾಗುತ್ತದೆ. ಅವರು ಬಂಗಾರಪೇಟೆ–ಕೋಲಾರ ನಡುವೆ ಓಡುತ್ತಿದ್ದ ಎರಡೂವರೆ ಅಡಿ ಹಳಿಯ ಚಿಕ್ಕ ರೈಲಿನ ಮಾರ್ಗದಲ್ಲಿ ಗ್ಯಾಂಗ್‌ಮನ್ ಆಗಿ ದುಡಿದು ನಿವೃತ್ತರಾದವರು. ಆ ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜ್‌ಗೆ ಬದಲಾಯಿತು. ಇಲ್ಲಿ ರೈಲು ನಿಂತಿದೆ ಎಂದು ಫೋನಿನಲ್ಲಿ ಹೇಳಿದಾಗ ಅವರು ಮೊದಲು ಕೇಳಿದ್ದು ಎಂಜಿನ್ ವಿಚಾರವನ್ನಲ್ಲ. “ನಿಂತ ಲೈನಿಗೆ ನೀರೇ ಶತ್ರು ಕಣಮ್ಮಾ, ಮೋರಿ ಕಟ್ಟಿಕೊಳ್ಳದ ಹಾಗೆ ನೋಡ್ಕೊಳ್ಳೋಕೆ ಹೇಳು” ಎಂದರು. ಟವಿನ್‌ನ ಹಳಿ ಗ್ಯಾಂಗಿನವರು ಮಾಡುತ್ತಿದ್ದದ್ದೂ ಅದನ್ನೇ. ವೇಲ್ಸ್‌ನ ಮಳೆ ಸಾಮಾನ್ಯದ್ದಲ್ಲ. ದಿನವೂ ರೈಲು ಓಡುವಾಗ ಹತೋಟಿಯಲ್ಲಿರುವ ಜರಿಗಿಡ ಮತ್ತು ಮುಳ್ಳುಬಳ್ಳಿಗಳು ಓಡಾಟ ನಿಂತ ಒಂದೇ ಬೇಸಿಗೆಯಲ್ಲಿ ಹಳಿಯ ಮೇಲೆ ಬಾಗಿ ಬರುತ್ತವೆ, ಎಲೆ ಬಿದ್ದ ಮೋರಿ ಕಟ್ಟಿಕೊಂಡರೆ ಒಂದು ರಾತ್ರಿಯ ಮಳೆಗೆ ಜಲ್ಲಿ ಕೊಚ್ಚಿಹೋಗುತ್ತದೆ. ನಿರ್ಬಂಧ ತುಸು ಸಡಿಲವಾದೊಡನೆ ಎರಡು ಮೀಟರ್ ಅಂತರ ಬಿಟ್ಟು ಕೆಲಸ ಮಾಡುವ ಬಗೆಯನ್ನು ಅವರು ರೂಢಿಸಿಕೊಂಡರು. ಒಂದು ಸ್ಲೀಪರನ್ನು ಇಬ್ಬರು ಎತ್ತುವುದಕ್ಕೂ ಯೋಚಿಸಬೇಕಾದ ದಿನಗಳವು. ಗುದ್ದಲಿ, ಸನಿಕೆಗಳಿಗೆ ಹೆಸರಿನ ಚೀಟಿ ಅಂಟಿಸಿ, ಒಬ್ಬರದನ್ನು ಇನ್ನೊಬ್ಬರು ಮುಟ್ಟದಂತೆ, ಡೋಲ್‌ಗೋಕ್ ಎಂಬ ಜಾಗದ ಇಟ್ಟಿಗೆ ಸೇತುವೆಯ ಆಚೀಚೆ ಚರಂಡಿ ತೋಡಿದವರಿಗೆ ದೊಡ್ಡಪ್ಪನ ಪರವಾಗಿಯೂ ನಾನು ಕೈಮುಗಿಯುತ್ತೇನೆ.

ಬರಲಾಗದೆ ಮನೆಯಲ್ಲೇ ಉಳಿದವರಿಗೂ ಅಷ್ಟೇ ದೊಡ್ಡ ಕೃತಜ್ಞತೆ ಸಲ್ಲಬೇಕು. ನಮ್ಮಲ್ಲಿ ಬಹುಪಾಲು ಜನ ನಿವೃತ್ತರು, ಎಪ್ಪತ್ತು ದಾಟಿದವರು ಹಲವರು. ಹೊರಗೆ ಹೆಜ್ಜೆಯಿಡಬೇಡಿ ಎಂದು ಸರ್ಕಾರ ಮೊದಲು ಎಚ್ಚರಿಸಿದ್ದೇ ಅಂಥವರನ್ನು. ಹೆಂಡತಿಯನ್ನು ಕಳೆದುಕೊಂಡ ಮೇಲೆ ವಾರಕ್ಕೊಮ್ಮೆ ಸಿಗ್ನಲ್ ಕೆಲಸಕ್ಕೆ ಬರುವುದನ್ನೇ ಆಸರೆ ಮಾಡಿಕೊಂಡಿದ್ದ ಹಿರಿಯರೊಬ್ಬರು ತಿಂಗಳುಗಟ್ಟಲೆ ಒಂಟಿಯಾಗಿ ಮನೆಯಲ್ಲಿದ್ದರು. ಒಂಟಿ ಹಳಿಯ ಮೇಲೆ, ಹೊರಡಲು ಅನುಮತಿಯ ಗುರುತಾದ ಟೋಕನ್ ಯಾರ ಕೈಯಲ್ಲಿದ್ದಾಗ ಯಾರು ಹೊರಡಬಹುದು ಎಂಬ ಪಾಠವನ್ನು ನನಗೆ ಕಲಿಸಿದವರೇ ಅವರು. ಅವರು ತಮಗೆ ತಾವೇ ಒಂದು ಕೆಲಸ ಹಚ್ಚಿಕೊಂಡರು: ಹೊಸ ಗಾರ್ಡುಗಳಾದ ನಮಗೆ ಸರದಿಯಂತೆ ಫೋನ್ ಮಾಡಿ ನಿಯಮಾವಳಿಯ ಪ್ರಶ್ನೆಗಳನ್ನು ಕೇಳುವುದು. ಮಂಜು ಬಿದ್ದಾಗ ಏನು ಮಾಡಬೇಕು, ಇಳಿಜಾರಿನಲ್ಲಿ ಬೋಗಿ ಕಳಚಿಕೊಂಡರೆ ಮೊದಲ ಹೆಜ್ಜೆ ಯಾವುದು, ಕೆಂಪು ಬಾವುಟವನ್ನು ಎಲ್ಲಿ ಇಟ್ಟುಕೊಂಡಿರಬೇಕು ಎಂದೆಲ್ಲ ಕೇಳಿ, ಉತ್ತರ ಸರಿಯಾದರೆ ಕೋಲಾರದಲ್ಲಿರುವ ನನ್ನ ತಾಯಿಯ ಆರೋಗ್ಯ ವಿಚಾರಿಸುತ್ತಿದ್ದರು. ತಿಂಗಳುಗಟ್ಟಲೆ ಕೆಲಸದಿಂದ ದೂರವಿದ್ದವರು ಮತ್ತೆ ರೈಲು ಹತ್ತುವ ಮುನ್ನ ತಮ್ಮ ಅರ್ಹತೆಯನ್ನು ಹೊಸದಾಗಿ ತೋರಿಸಬೇಕಿತ್ತು. ಆ ಪರೀಕ್ಷೆಗೆ ನಾವು ಅಂಜದೆ ಕುಳಿತದ್ದು ಅವರಿಂದ.

ಹಣದ ನೆರವಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಕೊಟ್ಟವರು ಹೆಚ್ಚು ಮಾತನ್ನು ಬಯಸುವವರಲ್ಲ. ಮುಂಗಡ ಕಾದಿರಿಸಿದ್ದ ಟಿಕೆಟಿನ ಹಣವನ್ನು ವಾಪಸ್ ಕೇಳದೆ ಬಿಟ್ಟವರು, ಸ್ವಂತ ಕೆಲಸವೇ ಅನಿಶ್ಚಿತವಾಗಿದ್ದಾಗಲೂ ಸದಸ್ಯತ್ವ ನವೀಕರಿಸಿದವರು, ಮಕ್ಕಳ ಹುಟ್ಟುಹಬ್ಬದ ಉಡುಗೊರೆಯ ಬದಲು ಕಲ್ಲಿದ್ದಲಿಗೆಂದು ಹಣ ಕಳಿಸಿದವರು ಎಲ್ಲರಿಗೂ ಋಣಿ. ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನ ಕನ್ನಡ ಗೆಳೆಯರು ಯುಗಾದಿಯ ಕಾರ್ಯಕ್ರಮ ರದ್ದಾದಾಗ ಊಟಕ್ಕೆಂದು ಕೂಡಿಸಿದ್ದ ಹಣದ ಒಂದು ಪಾಲನ್ನು ಈ ರೈಲ್ವೆಗೆ ಕೊಟ್ಟರು. ಉಳಿದ ಪಾಲು ಆಸ್ಪತ್ರೆಯ ದಾದಿಯರಿಗೆ ಊಟವಾಗಿ ಹೋಯಿತು. ಹೋಳಿಗೆಯ ದುಡ್ಡು ಎಂಜಿನ್ನಿಗೆ ಹೋಗುವುದಕ್ಕೆ ಆಕ್ಷೇಪ ಬಂದೀತೆಂದು ಹಿಂಜರಿಯುತ್ತಲೇ ನಾನು ಕೇಳಿದ್ದೆ, ಒಬ್ಬರೂ ಬೇಡವೆನ್ನಲಿಲ್ಲ.

ಬೇಸಿಗೆಯಲ್ಲಿ ನಿರ್ಬಂಧ ಸಡಿಲವಾದ ಮೇಲೆ ಕೆಲವೇ ರೈಲುಗಳನ್ನು, ಕೆಲವೇ ಪ್ರಯಾಣಿಕರೊಡನೆ ಓಡಿಸುವ ದಾರಿ ತೆರೆಯಿತು. ಆಗ ನಮಗೆ ಒದಗಿದ್ದು ನೂರೈವತ್ತು ವರ್ಷಗಳ ಹಿಂದಿನ ಒಂದು ತೊಡಕು. 1866ರಲ್ಲಿ ಈ ಮಾರ್ಗವನ್ನು ತಪಾಸಣೆ ಮಾಡಿದ ಸರ್ಕಾರಿ ತಪಾಸಕ ಕ್ಯಾಪ್ಟನ್ ಟೈಲರ್, ಸೇತುವೆಗಳ ಕೆಳಗೆ ಬೋಗಿಗೂ ಗೋಡೆಗೂ ನಡುವೆ ಸಾಕಷ್ಟು ಜಾಗವಿಲ್ಲವೆಂದು ಕಂಡುಕೊಂಡರು. ಅದಕ್ಕೆ ಪರಿಹಾರವಾಗಿ ಹಳಿಯನ್ನು ಸೇತುವೆಯ ಒಂದು ಬದಿಗೆ ಸರಿಸಿ, ಬೋಗಿಗಳ ಆ ಬದಿಯ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಲಾಯಿತು. ಆ ಪದ್ಧತಿ ಇಂದಿಗೂ ಉಳಿದಿದೆ, ಪ್ಲಾಟ್‌ಫಾರಂಗಳೆಲ್ಲ ಒಂದೇ ಬದಿಗಿವೆ. ಬೋಗಿಯೊಳಗೆ ಉದ್ದಕ್ಕೂ ನಡೆದಾಡುವ ಹಾದಿಯಿಲ್ಲ. ಸಣ್ಣ ಸಣ್ಣ ಕೋಣೆಗಳು, ಪ್ರತಿ ಕೋಣೆಗೂ ಪ್ಲಾಟ್‌ಫಾರಂ ಕಡೆಗೆ ಅದರದೇ ಬಾಗಿಲು. ಒಂದು ಕೋಣೆಗೆ ಒಂದು ಕುಟುಂಬ ಎಂದು ಕೂರಿಸಿದರೆ ಒಬ್ಬರು ಇನ್ನೊಬ್ಬರನ್ನು ದಾಟಿ ಹೋಗುವ ಪ್ರಮೇಯವೇ ಇಲ್ಲ. ಹೊಸ ಕಾಲದ ಉದ್ದನೆಯ ಬೋಗಿಗಳಿರುವ ರೈಲುಗಳಿಗೆ ಇಲ್ಲದ ಅನುಕೂಲ ನಮಗೆ ಹೀಗೆ ದಕ್ಕಿತು. ಪ್ರತಿ ಪ್ರಯಾಣದ ನಂತರ ಹಿಡಿಕೆ, ಕಿಟಕಿ, ಬೆಂಚುಗಳನ್ನೆಲ್ಲ ಒರೆಸಿ ಸ್ವಚ್ಛಗೊಳಿಸುತ್ತಿದ್ದ ಹದಿಹರೆಯದ ಸ್ವಯಂಸೇವಕರನ್ನು ಇಲ್ಲಿ ವಿಶೇಷವಾಗಿ ನೆನೆಯುತ್ತೇನೆ. ಎಂಜಿನ್ ಮೇಲೆ ಹತ್ತುವ ಆಸೆಯಿಂದ ಬಂದ ಮಕ್ಕಳು ಅವರು. ಕೈಗೆ ಸಿಕ್ಕಿದ್ದು ಬಟ್ಟೆ ಮತ್ತು ಸೋಂಕುನಿವಾರಕದ ಬಾಟಲಿ. ಅದನ್ನು ಒಂದು ದಿನವೂ ಗೊಣಗದೆ ಮಾಡಿದರು.

ಆ ಅಕ್ಟೋಬರ್ 23ರಿಂದ ವೇಲ್ಸ್‌ನಲ್ಲಿ ಮತ್ತೆ ಎಲ್ಲವೂ ಮುಚ್ಚಿತು, ಡಿಸೆಂಬರ್‌ನಲ್ಲಿ ಇನ್ನೊಮ್ಮೆ. ಇಂಗ್ಲೆಂಡಿನಲ್ಲಿರುವ ನಾವು ಗಡಿ ದಾಟಿ ಹೋಗುವಂತಿರಲಿಲ್ಲ. ಎರಡನೆಯ ಸಲದ ಮುಚ್ಚುವಿಕೆ ಮೊದಲನೆಯದಕ್ಕಿಂತ ಭಾರವಾಗಿತ್ತು ಎಂದೇ ನನ್ನ ಅನಿಸಿಕೆ. ಮೊದಲ ಬಾರಿ ಎಲ್ಲರಲ್ಲೂ ಒಂದು ಹುರುಪಿತ್ತು, ಚಳಿಗಾಲದಲ್ಲಿ ಆಯಾಸ ಮಾತ್ರ ಉಳಿದಿತ್ತು. ನಮ್ಮ ನಡುವಿನ ಕೆಲವು ಹಿರಿಯರು ಆ ಅವಧಿಯಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆಗೆ ಹೋಗಲೂ ಆಗಲಿಲ್ಲ. ಅವರ ಕುಟುಂಬದವರು ಹೂಗುಚ್ಛಗಳ ಬದಲು ರೈಲ್ವೆಗೆ ದೇಣಿಗೆ ಕೊಡಿ ಎಂದು ಕೇಳಿಕೊಂಡದ್ದನ್ನು ಮರೆಯಲಾಗದು. ಆ ಮನೆಗಳವರಿಗೆ ನನ್ನ ನಮನ.

ಟವಿನ್ ಊರಿನವರಿಗೆ ಒಂದು ಮಾತು. ಪ್ರವಾಸಿಗರಿಂದಲೇ ಬದುಕುವ ಊರು, ಅದೇ ಪ್ರವಾಸಿಗರಿಂದ ಸೋಂಕು ಬಂದೀತೆಂದು ಹೆದರಿದ್ದ ಊರು. ಆ ಹೆದರಿಕೆ ನ್ಯಾಯವಾದದ್ದೇ. ಆದರೂ ರೈಲು ಮತ್ತೆ ಓಡಿದಾಗ ಹಿತ್ತಿಲ ಬೇಲಿಯ ಆಚೆ ನಿಂತು ಕೈಬೀಸಿದರು, ಬೇಕರಿಯವರು ಸಿಬ್ಬಂದಿಗೆ ಬ್ರೆಡ್ಡು ಕಳಿಸಿದರು. ಈ ವರ್ಷದ ಜುಲೈ 28ರಂದು ವಾಯವ್ಯ ವೇಲ್ಸ್‌ನ ಸ್ಲೇಟ್ ಭೂದೃಶ್ಯವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬ್ರಿನ್ ಎಗ್ಲ್ವಿಸ್ ಗಣಿ, ಅಬರ್‌ಗನೋಲ್‌ವಿನ್ ಹಳ್ಳಿ ಮತ್ತು ನಮ್ಮ ರೈಲ್ವೆ ಅದರ ಭಾಗವಾಗಿವೆ. ಸ್ವಯಂಸೇವಕರ ಮೊದಲ ರೈಲು ಓಡಿ ಎಪ್ಪತ್ತು ವರ್ಷ ತುಂಬಿದ್ದೂ ಇದೇ ವರ್ಷ. ಎರಡು ಸಂಭ್ರಮಗಳೂ ಆ ಊರಿನವರದು.

ಈ ಚಳಿಗಾಲದ ಕೆಲಸದ ಪಟ್ಟಿ ಈಗಾಗಲೇ ತಯಾರಾಗಿದೆ. ಎರಡು ವರ್ಷಗಳಿಂದ ಮುಂದೂಡಿದ ಸ್ಲೀಪರ್‌ಗಳ ಬದಲಾವಣೆಯೇ ಅದರಲ್ಲಿ ದೊಡ್ಡ ಪಾಲು. ನೆರವಾದ ಕನ್ನಡಿಗರು ಮುಂದಿನ ಬೇಸಿಗೆಯಲ್ಲಿ ಬರುವುದಾದರೆ ಮೊದಲೇ ತಿಳಿಸಿ. ನನ್ನ ಸರದಿಯ ದಿನವಾದರೆ, ದಾರಿಯ ನಿಲ್ದಾಣಗಳಲ್ಲಿ ಟಿಕೆಟ್ ಕೊಡುವ ಸಣ್ಣ ಕಿಟಕಿಯಿರುವ ಐದನೆಯ ನಂಬರಿನ ಗಾರ್ಡ್ ವ್ಯಾನನ್ನು ನಾನೇ ತೋರಿಸುತ್ತೇನೆ, ನಿಮ್ಮ ಹಣದಿಂದ ಉಳಿದ ಎಂಜಿನ್‌ಗಳ ಬಳಿಗೂ ಕರೆದುಕೊಂಡು ಹೋಗುತ್ತೇನೆ.